ಹಿನ್ನೆಲೆಗೆ ಕಪ್ಪು

ಅಬ್ಬಾ ಮಣ್ಣನ್ನು ನಾಲಗೆಯ ಮೇಲಿಟ್ಟು ನೋಡುತ್ತಿದ್ದ.
ಬೀದರ ಕೋಟೆಯ ಬಿಸಿಲು ಕಾಣದ, ಮಳೆ ತಾಗದ ಮೂಲೆಯಿಂದ
ಕೆರೆದು ತಂದ ಮಣ್ಣು, ಒಂದು ಚಿಟಿಕೆ.
ಕಣ್ಣು ಮುಚ್ಚಿ, ಉಗುಳಿ, ‘ಇದಲ್ಲ’ ಅನ್ನುವನು.
ಇನ್ನೊಂದು ಚಿಟಿಕೆ.
ನನಗಾಗ ಏಳೋ ಎಂಟೋ. ನಾನೂ ನೆಕ್ಕಿ ಉಗುಳಿದೆ.
ಬರೀ ಮಣ್ಣು ಅನಿಸಿತು.

ಪುಣೆಯಲ್ಲಿ ಮೊದಲ ವರ್ಷ ಕಲಿಸಿದ್ದು
ಗಾಜಿನ ಕೊಳವೆ ಬಾಯಲ್ಲಿಟ್ಟು ಸೀರಮ್ ಎಳೆಯುವುದನ್ನು.
ಆಗ ಎಲ್ಲರೂ ಹಾಗೇ.
ಗೆರೆ ಮುಟ್ಟಿದ ಕೂಡಲೇ ನಾಲಗೆ ಒತ್ತಿ ನಿಲ್ಲಿಸಬೇಕು,
ಬೆರಳಿಗೆ ದಾಟಿಸಬೇಕು.
ಕಲಿಸಿದ ಪರಾಂಜಪೆ ಮೇಡಂ ಒಂದು ಗುರುವಾರ
ಕೊಳವೆ ಕೆಳಗಿಟ್ಟು, ಉಗುಳಿ,
ಬಾಯಿ ತೊಳೆದು ಬಂದು ಪಾಠ ಮುಂದುವರಿಸಿದರು.
ಎರಡೂವರೆ ತಿಂಗಳಿಗೆ ಅವರ ಕಣ್ಣು ಅರಿಶಿನ.
ತಮ್ಮದೇ ರಕ್ತದ ಬಾಟಲಿಗೆ ತಾವೇ ನಂಬರು ಬರೆದರು.
‘ಬಿ. ಚೆನ್ನಾಗಿ ಬಂದಿದೆ ನೋಡು,’ ಅಂದರು.
ಇನ್ನೂ ಹದಿನಾರು ವರ್ಷ ಬದುಕಿದರು.
ಲಿವರು ಗಟ್ಟಿಯಾಗುತ್ತ ಹೋಯಿತು,
ಕಾಗದದಲ್ಲಿ ಅವರ ಅಕ್ಷರ ಸಣ್ಣಗಾಗುತ್ತ.

ಎ, ಬಿ, ಸಿ, ಡಿ, ಇ.
ಊರಿಗೆ ಬಂದರೆ ಎಲ್ಲಕ್ಕೂ ಒಂದೇ ಹೆಸರು: ಕಾಮಣಿ.
‘ಕಾಮಣಿಗಿ ಇಷ್ಟು ಓದೋದೇನದ?’ ಅಮ್ಮೀ ಕೇಳುತ್ತಿದ್ದಳು.
‘ಹುಮನಾಬಾದ ದಾರ್ಯಾಗ ಒಬ್ಬ ಮುದುಕ
ಕೈಗಿ ಸುಣ್ಣದ ನೀರು ಹಾಕಿ ಹಳದಿ ಇಳಸ್ತಾನ, ಹತ್ತು ರೂಪಾಯಿಗಿ.
ನೀ ಎಷ್ಟು ತಗೋತಿ?’
ನಾನು ಇಳಿಸುವುದಿಲ್ಲ ಅಮ್ಮೀ, ಎಣಿಸುತ್ತೇನೆ.

ಆ ಬೇಸಿಗೆ ಬೀದರಿನಿಂದಲೇ ಡಬ್ಬಿ ಬಂತು.
ಐಸು ಕರಗಿ ಲೇಬಲ್ಲಿನ ಮಸಿ ಹರಡಿತ್ತು.
ಡಬ್ಬಿಯನ್ನು ಫ್ರೀಜರಿಗೆ ಸೇರಿಸಿ ರಾತ್ರಿ ಬಸ್ಸು ಹಿಡಿದೆ.
ನಮ್ಮ ಮನೆಯಿಂದ ಎರಡೇ ಓಣಿ ಆಚೆ.
ಮೋರಿಯೊಳಗೇ ಹಾದ ನಲ್ಲಿ ಪೈಪು,
ಸಂದಿಗೆ ಸುತ್ತಿದ ಹಳೇ ಸೈಕಲ್ ಟ್ಯೂಬು.
ಎಂಬತ್ತೊಂದು ಮಂದಿ.
ಬಹಳ ಜನ ಕಬ್ಬಿನ ಹಾಲು ಕುಡಿದು,
ಮೂಲಂಗಿ ತಿಂದು, ತಮ್ಮಷ್ಟಕ್ಕೆ ಎದ್ದು ಕೂತರು.
ಗೋದಾವರಿ ಏಳಲಿಲ್ಲ. ಏಳು ತಿಂಗಳ ಬಸುರಿ.
ಈ ‘ಇ’ ಬಸುರಿಯರ ಮೇಲೇ ಯಾಕೆ ಇಷ್ಟು ಎರಗುತ್ತದೆ,
ಇವತ್ತಿಗೂ ನನಗೆ ಪೂರ್ತಿ ಗೊತ್ತಿಲ್ಲ.
ನನ್ನ ಪ್ರಬಂಧಗಳಲ್ಲಿ ಹದಿಮೂರು ಅದರ ಮೇಲೇ ಇವೆ.
ಅವಳ ಅತ್ತೆ ಅದನ್ನು ಕೇಳಲೂ ಇಲ್ಲ.
‘ಆಕೀಗಿ ಕುದಿಸೇ ಕೊಡತಿದ್ವಿ ರೀ ಬಾಯಿ.
ಗ್ಯಾಸ್ ತೀರಿತ್ತು, ನಾಕೇ ದಿನ…’
ನಾನು ಬರೆದುಕೊಂಡೆ: ನಾಲ್ಕು ದಿನ.

ಅದನ್ನು ಕಣ್ಣಾರೆ ಕಂಡದ್ದು ನವೆಂಬರಿನಲ್ಲಿ.
ಅಷ್ಟು ಸಣ್ಣದಕ್ಕೆ ಬಣ್ಣ ಹಚ್ಚಲು ಬರುವುದಿಲ್ಲ.
ಸುತ್ತಲಿನದಕ್ಕೆ ಕಪ್ಪು ಹಾಕುತ್ತೇವೆ:
ಭಾರದ ಲೋಹದ ಉಪ್ಪು, ಒಂದು ಹನಿ,
ಕಾಗದದ ಅಂಚಿಗೆ ಹೀರಿಸಿ, ಒಣಗಿಸಿ.
ಕತ್ತಲ ಕೋಣೆ, ಹಸಿರು ಪರದೆ.
ಏನೂ ಇಲ್ಲ. ಏನೂ ಇಲ್ಲ. ಕಸ.
ಆಮೇಲೆ ಮೂಲೆಯಲ್ಲಿ, ಒಂದಕ್ಕೊಂದು ಅಂಟಿಕೊಂಡು,
ಹನ್ನೊಂದು ದುಂಡನೆಯ ಬೆಳ್ಳಿ ಚುಕ್ಕೆ.
ಆ ಮಣ್ಣು, ನವಸಾಗರ ಕಲಸಿದ ಬಿಸಿನೀರಿಂದ
ಅಬ್ಬಾ ಸುರಾಹಿಯನ್ನು ಎತ್ತಿದಾಗ
ಸತುವೆಲ್ಲ ಕಪ್ಪಾಗಿ
ಬೆಳ್ಳಿಯ ಬಳ್ಳಿಯೊಂದೇ ತಟ್ಟನೆ ಹೊರಗೆ ನಿಲ್ಲುತ್ತಿತ್ತಲ್ಲ,
ಹಾಗೆ.
ಸಂತೋಷವಾಯಿತು. ಇದನ್ನು ಬರೆಯಲೇಬೇಕು.
ಆ ಹನಿ ನಂಬರು ಹದಿನೇಳು, ಗೋದಾವರಿಯ ಮಲದ್ದು,
ಮತ್ತು ನನಗೆ ಸಂತೋಷವಾಯಿತು.
ಎದ್ದು ಹೋಗಿ ಎಲ್ಲರಿಗೂ ಚಹಾ ತಂದೆ.

ಪೈಪು ಈಗ ಮೋರಿಗಿಂತ ಒಂದು ಮೊಳ ಮೇಲೆ ಹಾದಿದೆ.
ಆ ಒಂದು ಮೊಳಕ್ಕೆ ಒಂಬತ್ತು ವರ್ಷ, ನಾಲ್ಕು ವರದಿ,
ಒಬ್ಬ ಮುಂಗೋಪಿ ಜೂನಿಯರ್ ಇಂಜಿನಿಯರು.
ಬೀಳ್ಕೊಡುಗೆಯ ದಿನ ಅದನ್ನು ಯಾರೂ ಓದಲಿಲ್ಲ,
ಶಾಲು ಚಲೋದು ಹೊದಿಸಿದರು.

ಆ ಫೋಟೋವನ್ನು ಅಬ್ಬಾಗೆ ತೋರಿಸಿದ್ದೆ, ಅದೇ ಚಳಿಗಾಲ.
ಉಳಿ ಬದಿಗಿಟ್ಟು, ಕೈ ಒರೆಸಿ ಇಸಿದುಕೊಂಡ.
‘ಕಪ್ಪು ಚಲೋ ಹತ್ಯಾದ. ಮಣ್ಣು ಯಾವ ಮೂಲೀದು?’
ಏನು ಹೇಳಲಿ. ಸುಮ್ಮನಿದ್ದೆ.
ಅವನು ಬಾಗಿಲ ಬೆಳಕಿಗೆ ಹಿಡಿದು
ಒಂದು ಚುಕ್ಕೆಯನ್ನು ಉಗುರಿನಿಂದ ಮೆಲ್ಲಗೆ ಗೀರಿದ,
ಬೆಳ್ಳಿ ಗಟ್ಟಿಯಾಗಿ ಕೂತಿದೆಯೋ
ಎದ್ದು ಬರುತ್ತದೋ ಎಂದು.